ಮೂರನೆಯ ಗೆರೆಯಿಂದ ಒಂದು ಗೇಣು ಕೆಳಗೆ

ನಾನು ಒಂದು ದುರ್ಬೀನು. ಮೇಜಿನ ಮೇಲೆ ನಿಂತು ಚಂದ್ರನನ್ನು ತೋರಿಸುವ ಜಾತಿಯಲ್ಲ, ಬಂದೂಕಿನ ಬೆನ್ನೇರಿ ಕೂರುವ ಜಾತಿ. ಒಂದೂವರೆ ಗೇಣು ಉದ್ದ, ಕಪ್ಪು ಮೈ, ಎರಡೂ ತುದಿಗೆ ಗಾಜಿನ ಕಣ್ಣು.

ಹುಟ್ಟಿದ್ದು ಧೂಳಿಗೆ ಪ್ರವೇಶವಿಲ್ಲದ ಒಂದು ಬಿಳಿ ಕೋಣೆಯಲ್ಲಿ. ತಲೆಗೂದಲನ್ನೆಲ್ಲ ಟೋಪಿಯೊಳಗೆ ಸೇರಿಸಿಕೊಂಡ ಒಬ್ಬ ಹೆಂಗಸು ಉಸಿರು ಬಿಗಿಹಿಡಿದು ನನ್ನ ಹೊಟ್ಟೆಯೊಳಗೆ ಒಂದು ಗಾಜಿನ ಬಿಲ್ಲೆ ಕೂರಿಸಿದಳು. ಆ ಬಿಲ್ಲೆಯ ಮೇಲೆ ಅಡ್ಡ ಒಂದು, ಉದ್ದ ಒಂದು, ಹೀಗೆ ಒಂದು ಕೂಡುಗೆರೆ. ಉದ್ದಗೆರೆಯ ಕೆಳಭಾಗದಲ್ಲಿ ಏಣಿಯ ಮೆಟ್ಟಿಲಿನಂತೆ ಆರು ಸಣ್ಣ ಗೆರೆಗಳು. ನನ್ನ ಬದುಕೆಲ್ಲ ಆ ಆರು ಗೆರೆಗಳದೇ ಕಥೆ. ಹುಟ್ಟುವಾಗ ಅವಕ್ಕೆ ಹೆಸರಿರಲಿಲ್ಲ, ಅಂಕಿಯೂ ಇರಲಿಲ್ಲ.

ತಾಳಿ, ಇದೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಗುಂಡು ನೇರ ಹೋಗುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ಹೋಗುವುದಿಲ್ಲ! ನಳಿಗೆ ಬಿಟ್ಟ ಕ್ಷಣದಿಂದಲೇ ಅದು ಬೀಳುತ್ತಿರುತ್ತದೆ, ಕೈಜಾರಿದ ಪೇರಲ ಹಣ್ಣಿನ ಹಾಗೆಯೇ. ಓಡುತ್ತ ಬೀಳುವುದರಿಂದ ಕಾಣುವುದಿಲ್ಲ, ಅಷ್ಟೆ. ದೂರ ಹೆಚ್ಚಾದಷ್ಟೂ ಬೀಳುವುದೂ ಹೆಚ್ಚು. ಅದಕ್ಕೇ ದೂರದ ಗುರಿಯ ಮೇಲೆ ಕೂಡುಗೆರೆ ಇಡದೆ ಕೆಳಗಿನ ಒಂದು ಗೆರೆ ಇಡಬೇಕು. ಆಗ ನಳಿಗೆ ತಾನಾಗಿ ಒಂದಿಷ್ಟು ಮೇಲೇಳುತ್ತದೆ, ಗುಂಡು ಬೀಳುತ್ತ ಬೀಳುತ್ತ ಗುರಿಗೆ ಬಂದು ಸೇರುತ್ತದೆ. ಯಾವ ಗೆರೆ ಎಷ್ಟು ದೂರಕ್ಕೆ? ಅದು ನನಗೂ ಗೊತ್ತಿಲ್ಲ, ನನ್ನನ್ನು ಮಾಡಿದವರಿಗೂ ಗೊತ್ತಿಲ್ಲ. ಗುಂಡೇ ಹೇಳಬೇಕು. ಒಂದೊಂದು ಜಾತಿಯ ಗುಂಡು ಒಂದೊಂದು ಥರ ಬೀಳುತ್ತದೆ.

ನಾನು ಬಂದು ಸೇರಿದ್ದು ಜಾಲಿಗುಡ್ಡ ಎಂಬ ಊರಿನ ಅರಣ್ಯ ಕಚೇರಿಗೆ. ತುಂಗಭದ್ರೆಯ ಆಚೆಯ ಬಂಡೆಗುಡ್ಡಗಳ ಸೀಮೆ. ಮನೆಗಿಂತ ದೊಡ್ಡ ಕಲ್ಲುಗಳು ಒಂದರ ಮೇಲೊಂದು ಕೂತಿವೆ, ಯಾರೋ ಆಟ ಅರ್ಧಕ್ಕೆ ಬಿಟ್ಟು ಎದ್ದುಹೋದಂತೆ. ಕಲ್ಲಿನ ಗವಿಗಳಲ್ಲಿ ಕರಡಿಗಳು. ಕಲ್ಲಿನ ಸಂದಿಗಳಲ್ಲಿ ಸೀತಾಫಲದ ಗಿಡಗಳು. ಹಣ್ಣಿನ ಕಾಲದಲ್ಲಿ ಕರಡಿಯೂ ಅದಕ್ಕೇ ಬರುತ್ತದೆ, ಊರಿನ ಹೆಂಗಸರೂ ಬುಟ್ಟಿ ಹಿಡಿದು ಅದಕ್ಕೇ ಬರುತ್ತಾರೆ. ತಂಟೆ ಶುರುವಾಗುವುದು ಅಲ್ಲಿ.

ನನಗೆ ಮನುಷ್ಯರೆಂದರೆ ಒಂದು ಕಣ್ಣು. ನನ್ನ ಹಿಂದೆ ಬಂದು ಕೂರುವ ಆ ಒಂದು ಕಣ್ಣಿನಿಂದಲೇ ನಾನು ಅವರನ್ನು ಗುರುತಿಸುವುದು. ಮೊದಲು ಬಂದ ಕಣ್ಣು ಯಂಕೋಬಪ್ಪನವರದು. ಕಚೇರಿಯ ಫಾರೆಸ್ಟರು ಅವರು. ಬಿಳಿಗುಡ್ಡೆಯಲ್ಲೊಂದು ಸಾಸಿವೆಯಷ್ಟು ಕಂದು ಚುಕ್ಕೆ, ಹತ್ತಿರ ಬಂದರೆ ಎಲೆ ಸುಣ್ಣದ ವಾಸನೆ. ಪೆಟ್ಟಿಗೆ ಬಿಚ್ಚಿ ನನ್ನನ್ನು ಬಂದೂಕಿನ ಮೇಲೆ ಕೂರಿಸಿದ ಮರುದಿನವೇ ಅವರು ಒಣಗಿದ ಕೆರೆಯ ಅಂಗಳಕ್ಕೆ ಕರೆದುಕೊಂಡು ಹೋದರು. ಜೊತೆಗೆ ಇಬ್ಬರು. ಒಬ್ಬಳು ಹುಲಿಗೆಮ್ಮ, ಹೊಸದಾಗಿ ಕೆಲಸಕ್ಕೆ ಸೇರಿದ ಗಾರ್ಡು. ಇನ್ನೊಬ್ಬ ರಾಜಾಸಾಬ, ಜೀಪಿನ ಡ್ರೈವರು.

ಗುರಿಗೆ ಹಲಗೆ ಬೇಕಲ್ಲ? ಕೆಡವಿದ ಒಂದು ಹಳೇ ಕ್ವಾರ್ಟರ್ಸಿನ ಬಾಗಿಲ ಕದ ತಂದು, ಸುಣ್ಣ ಬಳಿದು, ನಡುವೆ ಕೆಮ್ಮಣ್ಣಿನಲ್ಲಿ ಒಂದು ರೊಟ್ಟಿಯಷ್ಟು ಅಗಲದ ಬಟ್ಟು ಬರೆದಿದ್ದರು. ದೂರ ಅಳೆಯಲು ಗಂಟು ಹಾಕಿದ ಹಗ್ಗ.

"ಹುಲಿಗೆವ್ವಾ, ಹಗ್ಗಾ ಬಿಗಿ ಹಿಡಿ ತಂಗೀ. ಜೋಕಾಲಿ ಅಲ್ಲ ಅದು, ಜೋತಾಡಾಕ," ಅಂದರು ಯಂಕೋಬಪ್ಪ.

"ಅಲ್ರೀ ಸರ," ಅಂದ ರಾಜಾಸಾಬ, "ಕದಕ್ಕ ಗುಂಡು ಹೊಡಿಯೋ ಮಂದೀನ ಇವತ್ತ ನೋಡಿದ್ನಿ. ಬಾಗಲಾ ತೆಗೀರಿ ಅಂತ ಬಡದಿದ್ರ ಸಾಲ್ತಿತ್ತಲ್ಲ?"

"ನೀ ಒಳಗ ಹೋಗಿ ಚಿಲಕಾ ಹಾಕು, ಆಮ್ಯಾಲ ಬಡೀತೀನಿ."

ಅವತ್ತು ಇಡೀ ಬೆಳಗು ಹೊಡೆದರು. ನೂರು ಮೀಟರಿನಲ್ಲಿ ಕೂಡುಗೆರೆ ಇಟ್ಟರೆ ಗುಂಡು ಬಟ್ಟಿನ ನಡುವೆ ಬೀಳುವ ಹಾಗೆ ನನ್ನ ಕಿವಿಯಂಥ ತಿರುಪು ತಿರುಗಿಸಿ ಸರಿಮಾಡಿದರು. ಆಮೇಲೆ ಹಿಂದೆ ಸರಿಯುತ್ತ ಹೋದರು. ಇನ್ನೂರರಲ್ಲಿ ಅದೇ ಕೂಡುಗೆರೆ ಇಟ್ಟು ಹೊಡೆದರೆ ತೂತು ಬಟ್ಟಿನಿಂದ ಗೇಣಿಗೂ ಹೆಚ್ಚು ಕೆಳಗೆ! ಹುಲಿಗೆಮ್ಮ ಓಡಿಹೋಗಿ ಬೆರಳಿಟ್ಟು ಅಳೆದು, ಅಲ್ಲಿಂದಲೇ ಕೂಗುತ್ತಿದ್ದಳು. ಕೊನೆಗೆ ಇನ್ನೂರು ಮೀಟರಿನ ಗಂಟಿನ ಮೇಲೆ ಮಲಗಿ ಮೂರನೆಯ ಗೆರೆಯನ್ನು ಬಟ್ಟಿನ ಮೇಲಿಟ್ಟರು. ಮೂರು ಗುಂಡು, ಮೂರೂ ಬಟ್ಟಿನೊಳಗೆ, ಒಂದಕ್ಕೊಂದು ಅಂಟಿಕೊಂಡು.

ನನ್ನ ಗೆರೆಗೆ ಹೆಸರು ಬಂದದ್ದು ಆಗ. ಅಷ್ಟು ಖುಷಿ ನನಗೆ ಮತ್ತೆಂದೂ ಆಗಿಲ್ಲ.

"ಸರ, ಇನ್ನೂ ಮೂರು ಗೆರಿ ಉಳದ್ವಲ್ಲ?" ಅಂದಳು ಹುಲಿಗೆಮ್ಮ.

"ಇರ್ಲಿ ಬಿಡು. ಇನ್ನೂರರಾಚೆ ಹೊಡಿಯೋ ಹುಚ್ಚು ನನಗಿಲ್ಲ. ಮುಂದ ಬರೋವ್ರಿಗೆ ಬೇಕಾಗ್ತಾವು."

ಜೀಪಿನ ಬಾನೆಟ್ಟಿನ ಮೇಲೆ ಒಂದು ಚೀಟಿ ಇಟ್ಟುಕೊಂಡು ನೀಲಿ ಪೆನ್ನಿನಲ್ಲಿ ಬರೆದರು. ಕೂಡುಗೆರೆ ನೂರು. ಒಂದನೇ ಗೆರೆ ನೂರೈವತ್ತು. ಎರಡನೇ ಗೆರೆ ನೂರೆಪ್ಪತ್ತೈದು. ಮೂರನೇ ಗೆರೆ ಇನ್ನೂರು. ಆಮೇಲೆ ಕೆಳಗಿನ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಮತ್ತೊಂದು ಮಾತು: 'ಗುಂಡಿನ ಏಳನೇ ಪೆಟ್ಟಿಗೆಗೆ ಮಾತ್ರ. ಹೊಸ ಪೆಟ್ಟಿಗೆ ಬಂದರೆ ಮತ್ತೆ ಹೊಡೆದು ನೋಡು.' ಆ ಚೀಟಿಯನ್ನು ನನ್ನ ಮುಂದಿನ ಕಣ್ಣಿನ ಮುಚ್ಚಳದ ಒಳಗೆ ಟೇಪು ಹಚ್ಚಿ ಅಂಟಿಸಿದರು. ಮುಚ್ಚಳ ಹಾಕಿದಾಗಲೆಲ್ಲ ಅದು ನನ್ನ ಕಣ್ಣಿಗೆ ಎದುರಾಗಿಯೇ ಇರುತ್ತಿತ್ತು. ಎಷ್ಟು ಸಾವಿರ ಸಲ ಓದಿದ್ದೇನೋ. ಬಾಯಿ ಮಾತ್ರ ಇರಲಿಲ್ಲ.

ಯಂಕೋಬಪ್ಪನವರ ಕೆಲಸದ ರೀತಿ ಬೇರೆ. ಅವರು ಕರಡಿಗೆ ಹೊಡೆಯುತ್ತಿರಲಿಲ್ಲ, ಕರಡಿಯ ಹಿಂದಿನ ಕಲ್ಲಿಗೆ ಹೊಡೆಯುತ್ತಿದ್ದರು. ಆಕಾಶಕ್ಕೆ ಹೊಡೆದರೆ ಶಬ್ದ ಎಲ್ಲಿಂದ ಬಂತು ಅಂತ ತಿಳಿಯದೆ ಕರಡಿ ಗಾಬರಿಬಿದ್ದು ಮನುಷ್ಯನ ಮೇಲೆಯೇ ನುಗ್ಗುತ್ತದೆ. ಬೆನ್ನಿನ ಮೇಲುಗಡೆ ಕಲ್ಲು ಸಿಡಿದು ಪುಡಿ ಮೈಮೇಲೆ ಸುರಿದರೆ ಹಿಂದೆ ಮುಂದೆ ನೋಡದೆ ಗವಿಗೆ ಓಡುತ್ತದೆ.

"ಬೆನ್ನಿಂದ ಒಂದು ಗೇಣು ಮ್ಯಾಲ," ಅಂತ ಅವರು ಹುಲಿಗೆಮ್ಮನನ್ನು ಬಂದೂಕಿನ ಹಿಂದೆ ಮಲಗಿಸಿ ಹೇಳಿಕೊಡುತ್ತಿದ್ದರು. "ಭಾಳ ಮ್ಯಾಲ ಹೋದ್ರ ಅದಕ್ಕ ಖಬರಿಲ್ಲ. ಕೆಳಗ ಬಂದ್ರ ಪಾಪ. ಗೇಣು ಅಂದ್ರ ಗೇಣು, ತಂಗಿ."

ಆರು ಸೀತಾಫಲದ ಕಾಲ ಕಳೆಯಿತು. ಹನ್ನೊಂದು ಗುಂಡು. ಹನ್ನೊಂದೂ ಕಲ್ಲಿಗೆ. ಎಲ್ಲವೂ ಏಳನೇ ಪೆಟ್ಟಿಗೆಯವು. ತಪ್ಪಲೆಂದೇ ಹೊಡೆಯುವ ಗುಂಡು ತಪ್ಪದೆ ತಪ್ಪಬೇಕಲ್ಲ, ಅದು ನನ್ನ ಹೆಮ್ಮೆಯಾಗಿತ್ತು. ಗುಡ್ಡದ ಕರಡಿಗಳೆಲ್ಲ ನನಗೆ ಪರಿಚಯ. ಒಂದು ಹೆಣ್ಣು ಕರಡಿಗೆ ಎಡಕಿವಿ ಹರಿದಿತ್ತು. ಅದು ಕಂಡಾಗಲೆಲ್ಲ ಯಂಕೋಬಪ್ಪ ಬೆರಳು ಮಡಚುವ ಮೊದಲು ಪಿಸುಗುಟ್ಟುತ್ತಿದ್ದರು: "ಹೋಗವ್ವಾ ಹರಕಿವೀ, ಮನೀಗಿ ಹೋಗು."

ಏಳನೆಯ ವರ್ಷ, ಮಳೆಗಾಲದ ಮೊದಲು, ಅವರು ಎದೆ ನೋವು ಅಂತ ಕಚೇರಿಯ ಬೆಂಚಿನ ಮೇಲೆ ಕೂತರು. ಏಳಲಿಲ್ಲ. ಕಪಾಟಿನೊಳಗಿದ್ದ ನನಗೆ ಯಾರೂ ಹೇಳಲಿಲ್ಲ. ಬಾಗಿಲು ತೆರೆದಾಗ ಸುಣ್ಣದ ವಾಸನೆ ಇರಲಿಲ್ಲ, ಬಂದ ಕೈ ಹುಲಿಗೆಮ್ಮನದು. ನನ್ನ ಮುಚ್ಚಳ ತೆಗೆದು ಆ ನೀಲಿ ಅಂಕಿಗಳನ್ನು ಅವಳು ಒಂದೊಂದಾಗಿ ಬೆರಳಿನಿಂದ ಮುಟ್ಟಿದಳು, ಮೂಲೆಯ ಇರುವೆಸಾಲನ್ನು ಗಮನಿಸಲಿಲ್ಲ.

ದಸರೆಗೆ ಮುಂಚೆ ಹೊಸ ಗುಂಡಿನ ಪೆಟ್ಟಿಗೆ ಬಂತು. ಎಂಟನೆಯದು. ಏಳನೆಯದರಲ್ಲಿ ಉಳಿದಿದ್ದ ಹಳೇ ಗುಂಡುಗಳನ್ನು ಪದ್ಧತಿಯಂತೆ ವಾಪಸು ಕಳಿಸಿಯಾಗಿತ್ತು. ಹೊಸ ಗುಂಡಿನ ಮೂಗು ಇನ್ನೂ ಮೊಂಡು, ಮೈ ಇನ್ನೂ ಭಾರ.

"ಒಂದೆರಡು ಹೊಡದು ನೋಡೂಣೇನವಾ? ಕದಾ ಅಲ್ಲೇ ಶೆಡ್ಡಿನಾಗ ಐತಿ," ಅಂದ ರಾಜಾಸಾಬ.

"ಸರ ಬರದಿಟ್ಟದ್ದು ಐತೆಲ್ಲೋ ಮಾವಾ. ಅವರು ಬರದದ್ರ ಮ್ಯಾಲ ನಾ ಏನು ತಿದ್ದಲಿ?"

"ತಿದ್ದಂತ ಯಾರಂದ್ರು? ನೋಡು ಅಂದ್ನಿ."

"ಹೊಡದು ನೋಡಿದ್ರ ಅವರ ಮಾತಿನ ಮ್ಯಾಲ ನಂಬಿಕಿ ಇಲ್ದಂಗಾತು."

ಆಯುಧಪೂಜೆಯ ದಿನ ಬಂದೂಕು ತೊಳೆದು, ಚೆಂಡುಹೂವಿನ ಮಾಲೆ ಹಾಕಿದರು. ಹುಲಿಗೆಮ್ಮ ನನ್ನ ಮುಚ್ಚಳ ಬಿಚ್ಚಿದಳು. ಚೀಟಿಗೆ ಕುಂಕುಮ ಹಚ್ಚಬೇಕಿತ್ತು. ಅಂಕಿಗಳಿಗೆ ತಾಗಬಾರದು ಅಂತ ಜೋಪಾನವಾಗಿ ಕೆಳಗಿನ ಮೂಲೆ ಹುಡುಕಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆರಳಿನಿಂದ ದಪ್ಪಗೆ ಒತ್ತಿದಳು. ಇರುವೆಸಾಲಿನ ಆ ಮಾತಿನ ಮೇಲೆಯೇ. ಕಣ್ಣು ಮುಚ್ಚಿ ಕೈಮುಗಿದಳು. ಮುಚ್ಚಳ ಮುಚ್ಚಿತು. ಕತ್ತಲಲ್ಲಿ ನನ್ನೆದುರು ಒಂದು ಕೆಂಪು ಚುಕ್ಕೆ, ಅದರ ಹಿಂದೆ ಯಂಕೋಬಪ್ಪನವರ ಮಾತು.

ಎಂಟು ದಿನ ಕಳೆದಿರಬೇಕು. ಬೆಳಗ್ಗೆ ಗುಡ್ಡದಿಂದ ಕೂಗು ಕೇಳಿತು. ಹಣ್ಣು ಕೀಳಲು ಹೋದ ಬಸಲಿಂಗವ್ವ ಎಂಬ ಮುದುಕಿ ಎರಡು ಬಂಡೆಗಳ ನಡುವೆ ಸಿಕ್ಕಿಬಿದ್ದಿದ್ದಳು. ಎದುರಿನ ಹಾಸುಗಲ್ಲಿನ ಮೇಲೆ ಹರಕಿವಿ. ಬೆನ್ನ ಮೇಲೆ ಒಂದು ಮರಿ. ನಮ್ಮ ಸೀಮೆಯ ಕರಡಿಗಳು ಹಾಗೆಯೇ, ಮರಿಯನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತವೆ. ಕೂದಲು ಹಿಡಿದುಕೊಂಡು ಮರಿ ಕವುಚಿ ಮಲಗಿರುತ್ತದೆ. ಮರಿ ಇರುವ ತಾಯಿ ಯಾರನ್ನೂ ಬಿಡುವುದಿಲ್ಲ.

ಹುಲಿಗೆಮ್ಮ ಇನ್ನೂರು ಮೀಟರಿನಲ್ಲಿ ಮಲಗಿದಳು. ಅವಳ ಕಣ್ಣು ನನ್ನ ಹಿಂದೆ ಬಂತು, ಒಣಗಿದ, ನಿಂತ ಕಣ್ಣು. ಕರಡಿ ಹಿಂಗಾಲಿನ ಮೇಲೆ ಏಳಲು ಮೈ ಕೂಡಿಸುತ್ತಿತ್ತು. ಮೂರನೆಯ ಗೆರೆ ಮೇಲೇರಿತು, ಮರಿಯ ಬೆನ್ನು ದಾಟಿತು, ಅಲ್ಲಿಂದ ಒಂದು ಗೇಣು ಮೇಲೆ, ಹಿಂದಿನ ಬಂಡೆಯ ಮೇಲೆ ನಿಂತಿತು. ಕೈ ನಡುಗಲಿಲ್ಲ, ನಾನು ಸಾಕ್ಷಿ. "ಹೋಗವ್ವಾ ಹರಕಿವೀ," ಅಂದಳು.

ಬಂದೂಕಿನ ಒದೆತ ಬೇರೆ ಥರ ಇತ್ತು. ಹಳೆಯದು ಕಪಾಳಕ್ಕೆ ಹೊಡೆದಂತಿರುತ್ತಿತ್ತು, ಇದು ಭುಜ ಹಿಡಿದು ಹಿಂದೆ ತಳ್ಳಿದಂತೆ. ಅಷ್ಟರಲ್ಲೇ ನನಗೆ ತಿಳಿಯಿತು. ತಿಳಿದು ಏನು ಮಾಡಲಿ?

ಚಿತ್ರ ಮತ್ತೆ ನಿಂತಾಗ ಕಲ್ಲಿನ ಪುಡಿ ಹಾರಿರಲಿಲ್ಲ. ಕರಡಿ ಓಡುತ್ತಿತ್ತು. ಬೆನ್ನು ಖಾಲಿ.

"ಓಡ್ತಲೇ! ಓಡ್ತು!" ಅಂತ ಕೆಳಗೆ ಜನ ಕೂಗಿದರು. ಬಸಲಿಂಗವ್ವನನ್ನು ನಾಲ್ಕು ಜನ ಎತ್ತಿಕೊಂಡು ಬಂದರು. "ಯವ್ವಾ, ನನ್ನ ಜೀವಾ ಉಳಿಸಿದೆವ್ವಾ," ಅಂತ ಮುದುಕಿ ಹುಲಿಗೆಮ್ಮನ ಕೈ ಹಿಡಿದು ಅತ್ತಳು. ಇನ್ನೂರು ಮೀಟರು ಬರಿಗಣ್ಣಿಗೆ ದೂರ, ಮುದುಕಿಯನ್ನು ಎತ್ತಿ ತಂದವರು ಆ ಕಲ್ಲಿನ ಕಡೆ ತಿರುಗಿ ನೋಡದೆ ಓಡಿಬಂದಿದ್ದರು. ಹಾಸುಗಲ್ಲಿನ ಮೇಲೆ ಏನು ಬಿದ್ದಿದೆ ಅಂತ ಕಂಡದ್ದು ನನಗೆ ಮತ್ತು ಅವಳಿಗೆ ಮಾತ್ರ.

ಜನ ಹೋದ ಮೇಲೂ ಅವಳು ಏಳಲಿಲ್ಲ. ತಾಯಿ ವಾಪಸು ಬಂತು. ಮರಿಯನ್ನು ಮೂಸಿತು. ಆಮೇಲೆ ಅದರ ಪಕ್ಕದಲ್ಲಿ ಹೊಟ್ಟೆ ಕಲ್ಲಿಗೆ ತಾಗುವ ಹಾಗೆ ಬೆನ್ನು ಇಳಿಸಿ ಕೂತಿತು. ಹತ್ತಲಿ ಅಂತ. ಕತ್ತು ತಿರುಗಿಸಿ ನೋಡಿತು. ಎದ್ದಿತು, ಇನ್ನೂ ಹತ್ತಿರ ಸರಿಯಿತು, ಮತ್ತೆ ಬೆನ್ನು ಇಳಿಸಿತು. ಬಿಸಿಲು ನೆತ್ತಿಗೆ ಬರುವವರೆಗೆ ಹೀಗೆಯೇ. ಕೊನೆಗೆ ಬಾಯಲ್ಲಿ ಕಚ್ಚಿಕೊಂಡು ಗವಿಗೆ ಹೋಯಿತು.

ನನ್ನ ಹಿಂದಿನ ಗಾಜು ಒದ್ದೆಯಾಗಿತ್ತು.

ಕಲ್ಲಿಗೆ ಗುಂಡು ಹೊಡೆದು ಕರಡಿಯನ್ನು ಓಡಿಸಲಾಯಿತು ಅಂತ ವರದಿ ಹೋಯಿತು. ಬಸಲಿಂಗವ್ವ ಒಂದು ಬುಟ್ಟಿ ಸೀತಾಫಲ ತಂದಿಟ್ಟಳು. ಅದು ಅಲ್ಲೇ ಕಪ್ಪಾಗಿ ಕೊಳೆಯಿತು. ಹುಲಿಗೆಮ್ಮ ದಿನಾ ಬಂದೂಕು ಇಳಿಸಿಕೊಂಡು ಗುಂಡಿಲ್ಲದೆ ಗುರಿ ಹಿಡಿಯುತ್ತಿದ್ದಳು, ಕೈ ನೋಡಿಕೊಳ್ಳುತ್ತಿದ್ದಳು. ನನ್ನ ಕಥೆಯೂ ಬೇರೆಯಲ್ಲ. ಮುಚ್ಚಳ ಹಾಕಿದರೂ ಮೂರನೆಯ ಗೆರೆಯಿಂದ ಒಂದು ಗೇಣು ಕೆಳಗೆ ಏನೋ ಕವುಚಿ ಮಲಗಿರುತ್ತಿತ್ತು. ಗೋಡೆ ತೋರಿಸಿದರೆ ಗೋಡೆಯ ಮೇಲೆ. ಆಕಾಶ ತೋರಿಸಿದರೆ ಆಕಾಶದಲ್ಲಿ.

ಹರಕಿವಿ ದಿನಾ ಸಂಜೆ ಅದೇ ಹಾಸುಗಲ್ಲಿಗೆ ಬರತೊಡಗಿತು. ಆ ದಾರಿಯಲ್ಲಿ ಬಂದ ಕುರಿಯವರ ಮೇಲೆ ಎರಡು ಸಲ ನುಗ್ಗಿತು. ಊರವರು ಕಚೇರಿಗೆ ಬಂದರು. "ನಮ್ಮ ಮಂದಿ ಸತ್ತ ಮ್ಯಾಲ ಹೊಡಿಯವ್ರೇನ್ರಿ?" ಅಂತ ಕೂಗಾಡಿದರು. ಕಚೇರಿಯ ದೊಡ್ಡ ಸಾಹೇಬರು ಹುಲಿಗೆಮ್ಮನನ್ನು ಕರೆದು, ಇನ್ನೊಂದು ವಾರ ನೋಡುತ್ತೇನೆ, ಅಷ್ಟರೊಳಗೆ ಅದು ಆ ಜಾಗ ಬಿಡದಿದ್ದರೆ ಕೊಲ್ಲುವ ಅಪ್ಪಣೆಗೆ ಬರೆಯುತ್ತೇನೆ ಅಂದರು. ಹೊಡೆಯಬೇಕಾದವಳೂ ಅವಳೇ.

ಅವತ್ತು ರಾಜಾಸಾಬನಿಗೆ ಅವಳು ಎಲ್ಲ ಹೇಳಿದಳು. "ಮರೀನ್ನ ಕೊಂದೆ ಮಾವಾ. ಈಗ ತಾಯೀನ್ನೂ ಕೊಲ್ಲಂತಾರ. ಸರ ಇಷ್ಟು ವರ್ಷ ಕಲಿಸಿದ್ರು, ನನ್ನ ಕೈ ಕೆಟ್ಟದ್ದು."

ರಾಜಾಸಾಬ ತಮಾಷೆ ಮಾಡಲಿಲ್ಲ. ಎದ್ದು ಶೆಡ್ಡಿನಿಂದ ಕದ ಹೊರತಂದು ಜೀಪಿಗೆ ಹಾಕಿದ. "ಹತ್ತು. ಕೈ ಕೆಟ್ಟೈತೋ, ಮತ್ತೇನು ಕೆಟ್ಟೈತೋ, ಕದಾ ಹೇಳ್ತೈತಿ."

ಅದೇ ಕೆರೆಯಂಗಳ, ಅದೇ ಹಗ್ಗ. ಕದದ ಬಟ್ಟು ಮಾಸಿತ್ತು, ಆದರೆ ಯಂಕೋಬಪ್ಪನವರ ಮೂರು ತೂತುಗಳು ಒಂದಕ್ಕೊಂದು ಅಂಟಿಕೊಂಡು ಹಾಗೆಯೇ ಇದ್ದವು. ಬಂದೂಕನ್ನು ಮರಳಿನ ಚೀಲದ ಮೇಲೆ ಕೂರಿಸಿ ಹುಲಿಗೆಮ್ಮ ಇನ್ನೂರರ ಗಂಟಿನ ಮೇಲೆ ಮಲಗಿದಳು. ಮೂರನೆಯ ಗೆರೆ ಬಟ್ಟಿನ ಮೇಲೆ. ಮೂರು ಗುಂಡು.

ನಡೆದು ಹೋಗಿ ನೋಡಿದರು. ಹೊಸ ತೂತುಗಳೂ ಮೂರು, ಅವೂ ಒಂದಕ್ಕೊಂದು ಅಂಟಿಕೊಂಡಿದ್ದವು. ಹಳೆಯ ತೂತಿನ ನೇರ ಕೆಳಗೆ. ಹುಲಿಗೆಮ್ಮ ಹೆಬ್ಬೆರಳನ್ನು ಮೇಲಿನದರಲ್ಲಿಟ್ಟು ಕೈ ಅಗಲಿಸಿದಳು. ಕಿರುಬೆರಳು ಸರಿಯಾಗಿ ಕೆಳಗಿನ ತೂತಿಗೆ ಹೋಗಿ ಕೂತಿತು.

"ಕೈ ಕೆಟ್ಟಿಲ್ಲಲ್ಲವಾ," ಅಂದ ರಾಜಾಸಾಬ. "ಸರ ಮತ್ತೇನೋ ಒಂದು ಮಾತು ಬರದಿದ್ರಲ್ಲ, ಚೀಟಿ ಮೂಲ್ಯಾಗ. ಬಾನೆಟ್ ಮ್ಯಾಲ ಬರಿಯುವಾಗ ನೋಡಿದ್ನಿ. ನನಗ ಓದಾಕ ಬರೂದಿಲ್ಲ, ಬಿಡು."

ಅವಳು ನನ್ನ ಮುಚ್ಚಳ ಬಿಚ್ಚಿದಳು. ಕುಂಕುಮದ ಚುಕ್ಕೆ ನೋಡಿದಳು. ಸೆರಗಿಲ್ಲದ ಖಾಕಿಯ ತೋಳಿನಿಂದಲೇ ಒರೆಸಿದಳು, ಉಗುಳು ಹಚ್ಚಿ ಮತ್ತೆ ಒರೆಸಿದಳು. ಟೇಪಿನ ಕೆಳಗಿಂದ ಒಂದೊಂದೇ ಅಕ್ಷರ ಎದ್ದು ಬಂತು. ಓದಿದಳು. ಇನ್ನೊಮ್ಮೆ ಗಟ್ಟಿಯಾಗಿ ಓದಿದಳು. 'ಹೊಡೆದು ನೋಡು.' ಬರೆದದ್ದು ಅವಳಿಗೇ.

"ಕೈ ತಪ್ಪಿದ್ರ ಚಲೋ ಇತ್ತು ಮಾವಾ," ಅಂದಳು. ಆಮೇಲೆ ಕೆರೆಯ ಒಣನೆಲದ ಮೇಲೆ ಕೂತುಬಿಟ್ಟಳು.

ಸೂರ್ಯ ಇಳಿಯುವವರೆಗೆ ಅವಳು ಹೊಡೆದಳು, ಅಳೆದಳು. ಎಂಟನೇ ಪೆಟ್ಟಿಗೆಯ ಗುಂಡಿಗೆ ಇನ್ನೂರು ಮೀಟರು ಬಂದು ಕೂತದ್ದು ನನ್ನ ಐದನೆಯ ಗೆರೆಯಲ್ಲಿ. ಮುಂದೆ ಬರುವವರಿಗೆ ಬೇಕಾಗುತ್ತವೆ ಅಂತ ಯಂಕೋಬಪ್ಪ ಬಿಟ್ಟಿದ್ದ ಗೆರೆಗಳಲ್ಲಿ ಒಂದು. ಹಳೆಯ ಚೀಟಿಯನ್ನು ಹರಿಯಲಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಅಂಟಿಸಿದಳು.

ವಾರದ ಕೊನೆಯ ಸಂಜೆ ನಾವು ಮತ್ತೆ ಆ ಗುಡ್ಡದ ಕೆಳಗೆ ಮಲಗಿದೆವು. ಹಿಂದೆ ರಾಜಾಸಾಬ, ಅವನ ಪಕ್ಕ ಬೇಡವೆಂದರೂ ಬಂದ ಬಸಲಿಂಗವ್ವ. ಅವತ್ತು ತಾನು ಉಳಿದ ಜಾಗ ನೋಡಬೇಕಂತೆ. ಹರಕಿವಿ ಬಂದು ಹಾಸುಗಲ್ಲಿನ ಮೇಲೆ ನಿಂತಿತು. ಐದನೆಯ ಗೆರೆ ಅದರ ಖಾಲಿ ಬೆನ್ನು ದಾಟಿ ಒಂದು ಗೇಣು ಮೇಲೆ ಹೋಗಿ ನಿಂತಿತು. ಉಸಿರು ಬಿಟ್ಟಳು. ಗೆರೆ ಅಲುಗದೆ ನಿಂತ ಆ ಒಂದು ಕ್ಷಣದಲ್ಲಿ ಬೆರಳು ಮಡಚಿದಳು.

ಕಲ್ಲು ಸಿಡಿಯಿತು! ಗೇಣು ಅಂದರೆ ಗೇಣು. ಬಿಳಿ ಪುಡಿ ಕರಡಿಯ ಬೆನ್ನ ಮೇಲೆಲ್ಲ ಸುರಿಯಿತು.

ಅದು ಓಡಲಿಲ್ಲ. ಗುಂಡಿನ ಶಬ್ದ ಕೇಳಿದ್ದೇ ಹೊಟ್ಟೆ ಕಲ್ಲಿಗೆ ತಾಗಿಸಿ ಬೆನ್ನು ಇಳಿಸಿತು. ಅಪಾಯ ಬಂದಾಗ ಮರಿಗೆ ಹತ್ತಲು ಹಾಗೆಯೇ ಮಾಡಬೇಕಲ್ಲ. ಕತ್ತು ತಿರುಗಿಸಿ ಕಾಯಿತು. ಎಷ್ಟು ಹೊತ್ತೋ. ಆಮೇಲೆ, ಮೇಲಿದ್ದುದು ಬೀಳದಂತೆ, ನಿಧಾನವಾಗಿ ಎದ್ದು, ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ನೋಡಿ ನೋಡಿ ಇಡುತ್ತ ಗುಡ್ಡದ ಆಚೆಗೆ ನಡೆಯಿತು.

ಬಸಲಿಂಗವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ಎಪ್ಪತ್ತು ವರ್ಷ ಕರಡಿಗಳ ನಡಿಗೆ ಕಂಡವಳು. "ಯವ್ವಾ, ಹೊತ್ತ ಕರಡಿ ನಡದಂಗ ನಡಿಯಾಕತ್ತೈತಲ್ಲ ಅದು. ಏನು ಹೊತ್ತೈತಿ?"

"ಮರೀನ್ನ," ಅಂದಳು ಹುಲಿಗೆಮ್ಮ.

ಮುದುಕಿ ಅವಳ ಮುಖ ನೋಡಿದಳು. ಹರಕಿವಿ ಆ ಕಡೆ ಮತ್ತೆಂದೂ ಕಾಣಲಿಲ್ಲ, ಕೊಲ್ಲುವ ಅಪ್ಪಣೆಗೆ ಸಾಹೇಬರು ಬರೆಯಲೂ ಇಲ್ಲ.

ಇದೆಲ್ಲ ಆಗಿ ಬಹಳ ವರ್ಷವಾಯಿತು. ಹೊಸ ದುರ್ಬೀನು ಬಂದಿದೆ, ಬಂದೂಕಿನ ಬೆನ್ನು ಈಗ ಅದರದು. ನಾನು ಕಚೇರಿಯ ಮೇಜಿನ ಕೆಳಖಾನೆಯಲ್ಲಿ, ಎರಡು ಚೀಟಿಗಳ ಮುಚ್ಚಳದೊಂದಿಗೆ ಮಲಗಿದ್ದೇನೆ. ಒಳಗೆ ಗಾಳಿ ಹೊಕ್ಕು ಬೂಸ್ಟು ಹಿಡಿದಿದೆ. ಎಲ್ಲಿ ಹಿಡಿದಿದೆ ಅಂತ ನಾನು ಹೇಳಬೇಕಿಲ್ಲ. ನೋಡಿದವರು ಒಂದು ಸಣ್ಣ ಕಪ್ಪು ಕಲೆ ಅನ್ನುತ್ತಾರೆ, ಕವುಚಿ ಮಲಗಿದಂತಿದೆ ಅನ್ನುತ್ತಾರೆ. ಒರೆಸಿದರೆ ಹೋಗುವುದಿಲ್ಲ, ಅದು ಒಳಗಿದೆ.

ಆದರೆ ಪ್ರತಿ ಸಲ ಹೊಸ ಪೆಟ್ಟಿಗೆ ಬಂದಾಗ ನನ್ನನ್ನೂ ಹೊರಗೆ ತೆಗೆಯುತ್ತಾರೆ. ಹುಲಿಗೆಮ್ಮ ಈಗ ಫಾರೆಸ್ಟರು, ಕೂದಲು ನರೆತಿದೆ. ಕೆರೆಯಂಗಳಕ್ಕೆ ಹೊಸ ಗಾರ್ಡುಗಳನ್ನು ಕರೆದೊಯ್ದು, ಗುಂಡು ಮುಟ್ಟುವ ಮೊದಲು, ಆ ಹಳೆಯ ಕದದ ಮುಂದೆ ನಿಲ್ಲಿಸುತ್ತಾಳೆ. ನನ್ನನ್ನು ಕದದ ಬುಡದಲ್ಲಿಟ್ಟಿರುತ್ತಾಳೆ, ಅಲ್ಲಿಂದ ನನಗೆ ಅವರ ಕೈಗಳು ಕಾಣುತ್ತವೆ. ಒಬ್ಬೊಬ್ಬರೂ ಮೇಲಿನ ತೂತಿಗೆ ಹೆಬ್ಬೆರಳು, ಕೆಳಗಿನ ತೂತಿಗೆ ಕಿರುಬೆರಳು ಇಟ್ಟು ಗೇಣು ಹಾಕಬೇಕು. ಈ ವರ್ಷ ಬಂದವನೊಬ್ಬ, ಎತ್ತರದ ಆಳು, ನಗುತ್ತ ಕೇಳಿದ: "ಕದಾ ಯಾಕ ಅಳಸ್ತೀರಿ ಮೇಡಂ? ಇದರ ನಡುವ ಏನೈತಿ?"

ಹುಲಿಗೆಮ್ಮ ಅವನ ಕೈಯನ್ನು ಹಾಗೆಯೇ ಕದಕ್ಕೆ ಒತ್ತಿ ಹಿಡಿದಳು.

"ಒಂದು ಮರಿ," ಅಂದಳು.